ಮೆಕ್ಸಿಕೋ ವಲಸೆ ಬಗ್ಗೆ ಮಕ್ಕಳಿಗೆ ಹೇಳಿಕೊಡೋದು ಹೇಗೆ: ನಮ್ಮ ಕಾಫಿ ಸೀಮೆ ಮೇಷ್ಟ್ರುಗಳಿಗೆ

ನಾನು ಮೂಡಿಗೆರೆ ಕಡೆ ಒಂದು ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಪಾಠ ಮಾಡೋನು. ವಲಸೆ ಅನ್ನೋ ಮಾತು ಬಂದ್ರೆ ಸಾಕು, ಮಕ್ಕಳು ಟೀವಿಲಿ ನೋಡಿರೋ ಅಮೆರಿಕ ಮೆಕ್ಸಿಕೋ ಗಡಿಯ ಗೋಡೆ ಬಗ್ಗೆ ಕೇಳೇ ಕೇಳ್ತಾರೆ. ಮೊದಲನೇ ಸಲ ನಾನು ಗೋಡೆಯಿಂದಲೇ ಶುರು ಮಾಡಿದ್ದೆ, ಅದು ಎಷ್ಟುದ್ದ, ಯಾರು ಕಟ್ಟಿದ್ರು, ಜನ ಹೆಂಗೆ ಹತ್ತಿ ಇಳೀತಾರೆ ಅಂತ. ಪೀರಿಯಡ್ ಮುಗಿಯೋ ಹೊತ್ತಿಗೆ ಇಡೀ ಕ್ಲಾಸು ಅದನ್ನ ಕಳ್ಳ ಪೊಲೀಸ್ ಆಟ ಮಾಡ್ಕೊಂಡಿತ್ತು, ಹಿಂದಿನ ಬೆಂಚಲ್ಲಿ ಕೂತಿದ್ದ ಅಸ್ಸಾಮಿನ ಹುಡುಗ, ಪಕ್ಕದ ಎಸ್ಟೇಟಿನ ಲೈನ್ ಮನೇಲಿ, ಅಂದ್ರೆ ಕೂಲಿಯೋರ ಸಾಲು ಮನೇಲಿರೋನು, ತಲೆ ಎತ್ತದೆ ರಬ್ಬರ್ ತಗೊಂಡು ಡೆಸ್ಕ್ ಉಜ್ತಾ ಇದ್ದ. ಅವತ್ತು ನನಗೆ ಬಹಳ ಬೇಜಾರಾಯ್ತು. ಮಾರನೇ ವರ್ಷದಿಂದ ಪಾಠ ಪೂರ್ತಿ ಬದಲಾಯಿಸಿದೆ, ಈಗ ಗೋಡೆಯಿಂದ ಶುರು ಮಾಡಲ್ಲ, ಕೂಲಿ, ಕಾಫಿ ರೇಟು ಹಿಡ್ಕೊಂಡು ಹೇಳ್ತೀನಿ. ಹಾಸನ, ಸಕಲೇಶಪುರ, ಕೊಪ್ಪ ಕಡೆ ಮೇಷ್ಟ್ರುಗಳು, ಮೇಡಂಗಳು ಕೇಳ್ತಿದ್ರು, ಅದಕ್ಕೆ ಹೆಂಗೆ ಮಾಡ್ತೀನಿ ಅಂತ ಇಲ್ಲಿ ಬರೀತಿದೀನಿ. ಒಂಬತ್ತನೇ ಕ್ಲಾಸಿಗೆ ಸರಿಹೋಗುತ್ತೆ, ಪಿಯುಸಿಗೂ ಆಗುತ್ತೆ.

ಬೇಕಾಗಿರೋದು ಕಮ್ಮಿ. ಉತ್ತರ ಅಮೆರಿಕದ ಒಂದು ದೊಡ್ಡ ಮ್ಯಾಪು, ಮೂರು ಬಣ್ಣದ ಚಾಕ್‌ಪೀಸು, ಒಂದು ಸೇರು ಒಣಗಿದ ಕಾಫಿ ಬೀಜ, ಒಂದಿಪ್ಪತ್ತು ಸ್ಕೇಲು, ಎರಡು ಪೀರಿಯಡ್ಡು, ಆಮೇಲೆ ಒಂದು ಸಾಯಂಕಾಲ. ಮ್ಯಾಪು ಕೆನಡಾದಿಂದ ಪನಾಮಾವರೆಗೂ ಇರಬೇಕು, ಇದು ಮುಖ್ಯ. ಎಷ್ಟೋ ಮ್ಯಾಪಲ್ಲಿ ಮೆಕ್ಸಿಕೋ ಮಧ್ಯಕ್ಕೇ ಕಟ್ ಆಗಿರುತ್ತೆ, ಹಂಗಾದ್ರೆ ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್ ಕಾಣೋದೇ ಇಲ್ಲ, ಕಥೆ ಅರ್ಧ ಅಲ್ಲೇ ಹೋಗುತ್ತೆ.

ಮೊದಲು ಮ್ಯಾಪಲ್ಲಿ ಗಡಿ ಗೆರೆ ತೋರಿಸಿ. ಅಮೆರಿಕ ಮೆಕ್ಸಿಕೋ ಗಡಿ ಸುಮಾರು 3,145 ಕಿಲೋಮೀಟರ್. ನಮ್ಮ ದೇಶ ಉತ್ತರದಿಂದ ದಕ್ಷಿಣಕ್ಕೆ 3,214 ಕಿಲೋಮೀಟರ್ ಅಂತ ಮಕ್ಕಳು ಬಾಯಿಪಾಠ ಮಾಡಿರ್ತಾರೆ, ಹೆಚ್ಚೂ ಕಮ್ಮಿ ಅಷ್ಟೇ ಅಂತ ಹೇಳಿ, ತಕ್ಷಣ ಅಂದಾಜು ಸಿಗುತ್ತೆ. ಆಮೇಲೆ ಬೇರೆ ಬಣ್ಣದಲ್ಲಿ 1848ಕ್ಕಿಂತ ಹಿಂದಿನ ಮೆಕ್ಸಿಕೋ ಗೆರೆ ಎಳೀರಿ. ಕ್ಯಾಲಿಫೋರ್ನಿಯಾ, ನೆವಾಡಾ, ಯೂಟಾ, ಅರಿಝೋನಾ, ನ್ಯೂ ಮೆಕ್ಸಿಕೋ ಎಲ್ಲಾ ಮೆಕ್ಸಿಕೋ ಒಳಗೆ ಬರುತ್ತೆ. ಟೆಕ್ಸಾಸ್ 1836ರಲ್ಲೇ ಬೇರೆ ಆಗಿ 1845ರಲ್ಲಿ ಅಮೆರಿಕ ಸೇರಿತ್ತು. ಅಮೆರಿಕಕ್ಕೂ ಮೆಕ್ಸಿಕೋಗೂ ಯುದ್ಧ ಆದ ಮೇಲೆ 1848ರಲ್ಲಿ ಗ್ವಾಡಲುಪೆ ಇಡಾಲ್ಗೋ ಒಪ್ಪಂದ ಅಂತ ಆಯ್ತು, ಮೆಕ್ಸಿಕೋ ತನ್ನ ಅರ್ಧಕ್ಕರ್ಧ ನೆಲ ಕಳ್ಕೊಂಡ್ತು, ರಿಯೋ ಗ್ರಾಂಡೆ ಹೊಳೆ ಗಡಿ ಆಯ್ತು. ಅಲ್ಲಿದ್ದ ಜನ ಎಲ್ಲೂ ಹೋಗಲಿಲ್ಲ, ಅವರ ಮನೆ ಮಾತ್ರ ಬೇರೆ ದೇಶಕ್ಕೆ ಸೇರಿಬಿಡ್ತು. ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನ ದಾಟಿತು ಅಂತ ಅಲ್ಲಿಯ ಜನ ಈಗಲೂ ಹೇಳ್ತಾರೆ. ಕಾಸರಗೋಡಿನ ಹೆಸರು ಹೇಳಿದ್ರೆ ನಮ್ಮ ಮಕ್ಕಳಿಗೆ ಇದು ಬೇಗ ತಲೆಗೆ ಹೋಗುತ್ತೆ, ಆದ್ರೆ ಅದು ಒಂದೇ ದೇಶದೊಳಗಿನ ಗೆರೆ, ಇಲ್ಲಿ ದೇಶವೇ ಬದಲಾಗಿದ್ದು ಅನ್ನೋ ವ್ಯತ್ಯಾಸ ಬಿಡಿಸಿ ಹೇಳಿ. ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೋ, ಇವೆಲ್ಲ ಯಾವ ಭಾಷೆ ಹೆಸರು ಅಂತ ಕೇಳಿ. ಹತ್ತು ನಿಮಿಷ ಸಾಕು, ಇಲ್ಲಿ ಜಾಸ್ತಿ ನಿಲ್ಲಬೇಡಿ.

ಮುಂದಿನ ಪ್ರಶ್ನೆ, ಇವರನ್ನ ಕರೆದೋರು ಯಾರು? ನನ್ನ ಪ್ರಕಾರ ಇಡೀ ಪಾಠದ ಬೇರು ಇದೇ. ಎರಡನೇ ಮಹಾಯುದ್ಧದ ಟೈಮಲ್ಲಿ ಅಮೆರಿಕದ ಹೊಲಗಳಲ್ಲಿ ಆಳಿಲ್ಲ, 1942ರಲ್ಲಿ ಎರಡು ಸರ್ಕಾರ ಸೇರಿ ಬ್ರಸೇರೋ ಅಂತ ಒಂದು ಯೋಜನೆ ಮಾಡ್ತಾರೆ, ಅದು 1964ರವರೆಗೂ ನಡೀತು. ಸ್ಪ್ಯಾನಿಷಲ್ಲಿ ಬ್ರಾಸೋ ಅಂದ್ರೆ ತೋಳು, ಬ್ರಸೇರೋ ಅಂದ್ರೆ ತೋಳಲ್ಲಿ ದುಡಿಯೋನು. ನಮ್ಮಲ್ಲಿ ರೈಟರ್, ಅಂದ್ರೆ ಎಸ್ಟೇಟ್ ಗುಮಾಸ್ತ, ಬೆಳಗ್ಗೆ ಹಾಜರಿ ಹಾಕುವಾಗ ಇವತ್ತು ಎಷ್ಟು ಆಳು ಅಂತಾನೇ ಕೇಳೋದು, ಹೆಸರು ಕೇಳೋದು ಆಮೇಲೆ, ಅದನ್ನ ಮಕ್ಕಳಿಗೆ ನೆನಪು ಮಾಡಿ, ಮಾತಿನ ಹಿಂದೆ ಏನಿದೆ ಅಂತ ಅವರೇ ಹಿಡೀತಾರೆ. 22 ವರ್ಷದಲ್ಲಿ ಸುಮಾರು 46 ಲಕ್ಷ ಕಾಂಟ್ರ್ಯಾಕ್ಟ್ ಸಹಿ ಆಯ್ತು. ಇಲ್ಲಿ ಹುಷಾರು, ಅದು ಕಾಂಟ್ರ್ಯಾಕ್ಟಿನ ಲೆಕ್ಕ, ತಲೆ ಲೆಕ್ಕ ಅಲ್ಲ, ಒಬ್ಬನೇ ಆರು ಸಲ ಹೋಗಿ ಬಂದಿದ್ರೆ ಆರು ಅಂತಲೇ ಬರುತ್ತೆ. ಗಡಿಯ ಯಾವ ಅಂಕಿ ಓದಿದ್ರೂ ಇದು ಜನದ ಲೆಕ್ಕವಾ ಸಲದ ಲೆಕ್ಕವಾ ಅಂತ ಕೇಳೋ ಅಭ್ಯಾಸ ಮಕ್ಕಳಿಗೆ ಇಲ್ಲೇ ಮಾಡಿಸಿ, ಪೇಪರ್ ಓದುವಾಗ ಜೀವನ ಪೂರ್ತಿ ಉಪಯೋಗಕ್ಕೆ ಬರುತ್ತೆ.

ಈಗ ಸ್ಕೇಲ್ ಕೊಡಿ. ಆ ಹೊಲಗಳಲ್ಲಿ ಗಿಡ್ಡ ಹಿಡಿಯ ಕುಡುಗೋಲಿನಷ್ಟೇ ಉದ್ದದ ಒಂದು ಗುದ್ದಲಿ ಇತ್ತು, ಎಲ್ ಕೊರ್ತೀತೋ ಅಂತಿದ್ರು, ಅಂದ್ರೆ ಗಿಡ್ಡದ್ದು. ಲೆಟಿಸ್ ಸೊಪ್ಪು, ಸಕ್ಕರೆ ಬೀಟ್ ಸಾಲಲ್ಲಿ ಕಳೆ ತೆಗೆಯೋಕೆ ಸೊಂಟ ಪೂರ್ತಿ ಬಗ್ಗಿಸೇ ನಡೀಬೇಕಿತ್ತು, ಯಾರಾದ್ರೂ ನೆಟ್ಟಗೆ ನಿಂತ್ರೆ ದೂರದಿಂದಲೇ ಮೇಸ್ತ್ರಿ ಕಣ್ಣಿಗೆ ಬೀಳೋದು. ಮಕ್ಕಳಿಗೆ ಸ್ಕೇಲ್ ತುದಿ ನೆಲಕ್ಕೆ ತಾಗಿಸ್ಕೊಂಡೇ ಕ್ಲಾಸಿನ ಈ ಗೋಡೆಯಿಂದ ಆ ಗೋಡೆಗೆ ನಾಲ್ಕು ಸಲ ಓಡಾಡೋಕೆ ಹೇಳಿ. ಮೂರನೇ ಸಲಕ್ಕೆ ನಗು ನಿಲ್ಲುತ್ತೆ, ನಾಲ್ಕನೇದಕ್ಕೆ ಒಬ್ಬೊಬ್ಬರೇ ಸೊಂಟ ಹಿಡ್ಕೊಂಡು ಗೋಡೆಗೆ ಒರಗ್ತಾರೆ. ನಮ್ಮಲ್ಲಿ ಒಬ್ಬಳು ಹುಡುಗಿ, ಸಾರ್ ನಮ್ಮಮ್ಮ ಉದುರಿದ ಹಣ್ಣು ಆಯೋಕೆ ದಿನಾ ಹಿಂಗೇ ಇರ್ತಾಳೆ ಅಂದ್ಲು, ಕ್ಲಾಸು ಗಪ್‌ಚುಪ್ ಆಯ್ತು. ಈ ಗಿಡ್ಡ ಗುದ್ದಲಿ ಕ್ಯಾಲಿಫೋರ್ನಿಯಾದಲ್ಲಿ ಬ್ಯಾನ್ ಆಗಿದ್ದು 1975ರಲ್ಲಿ.

ಬಟವಾಡೆ ವಿಷ್ಯ ಬಿಡಬೇಡಿ. ಯೋಜನೆಯ ಮೊದಲ ವರ್ಷಗಳಲ್ಲಿ ಬ್ರಸೇರೋಗಳ ಕೂಲಿಯಿಂದ ನೂರಕ್ಕೆ ಹತ್ತು ಹಿಡ್ಕೊಂಡು, ಊರಿಗೆ ವಾಪಸ್ ಹೋದ ಮೇಲೆ ಅಲ್ಲಿ ಕೊಡ್ತೀವಿ ಅಂದಿದ್ರು, ಎಷ್ಟೋ ಜನಕ್ಕೆ ಆ ದುಡ್ಡು ಬರಲೇ ಇಲ್ಲ, ಅರುವತ್ತು ವರ್ಷ ಆದ ಮೇಲೂ ಮುದುಕರು ಅದಕ್ಕಾಗಿ ಹೋರಾಡ್ತಿದ್ರು. ಇದನ್ನ ಹೇಳುವಾಗ ನನಗೆ ಒಂದು ನೆನಪು ಬರುತ್ತೆ. ಕೆಲವು ವರ್ಷದ ಹಿಂದೆ ನಮ್ಮ ಕಡೆ ಕೊಯ್ಲಿಗೆ ಆಳು ಕರ್ಕೊಂಡು ಬಂದಿದ್ದ ಒಬ್ಬ ಕಾಂಟ್ರ್ಯಾಕ್ಟರ್ ಕೊನೆ ತಿಂಗಳ ಬಟವಾಡೆ ಕೊಡದೆ ಹೋಗಿಬಿಟ್ಟ, ಎರಡು ಸಂಸಾರ ರಾತ್ರೋರಾತ್ರಿ ಲೈನ್ ಮನೆ ಖಾಲಿ ಮಾಡಿದ್ರು, ನನ್ನ ಕ್ಲಾಸಿನ ಹಾಜರಿ ಪುಸ್ತಕದಲ್ಲಿ ಇಬ್ಬರು ಮಕ್ಕಳ ಹೆಸರಿನ ಮುಂದೆ ಫೆಬ್ರವರಿ ಪೂರ್ತಿ ಗೈರು ಗೈರು ಗೈರು ಅಂತಾನೇ ಇದೆ. ಆ ಪುಟ ನಾನು ಮಕ್ಕಳಿಗೆ ತೋರಿಸ್ತೀನಿ, ಹೆಸರಿನ ಮೇಲೆ ಕೈ ಮುಚ್ಕೊಂಡು.

ಇನ್ನೊಂದು ಮಾತು, 1954ರಲ್ಲಿ ಒಂದು ಕಡೆ ಬ್ರಸೇರೋ ಕಾಂಟ್ರ್ಯಾಕ್ಟ್ ನಡೀತಾನೇ ಇತ್ತು, ಅದೇ ವರ್ಷ ಇನ್ನೊಂದು ಕಡೆ ಮೆಕ್ಸಿಕನ್ನರನ್ನ ಹಿಡಿದು ಹಿಡಿದು ಬಸ್ಸು ರೈಲು ಹಡಗಲ್ಲಿ ತುಂಬಿ ವಾಪಸ್ ಕಳಿಸೋ ದೊಡ್ಡ ಕಾರ್ಯಾಚರಣೆನೂ ನಡೀತು. ಅದಕ್ಕೂ ಮುಂಚೆ 1930ರ ದಶಕದ ಆರ್ಥಿಕ ಕುಸಿತದಲ್ಲಿ ಲಕ್ಷಾಂತರ ಜನನ್ನ ಹಿಂಗೇ ಸಾಗಿಸಿದ್ರು, ಅದರಲ್ಲಿ ಎಷ್ಟೋ ಮಕ್ಕಳು ಅಮೆರಿಕದಲ್ಲೇ ಹುಟ್ಟಿದ ಅಲ್ಲಿನ ಪ್ರಜೆಗಳು. ಬೇಕಾದಾಗ ಕರೆಯೋದು ಬೇಡದಾಗ ಕಳಿಸೋದು, 1942, 1954 ಎರಡನ್ನೂ ಬೋರ್ಡಲ್ಲಿ ಪಕ್ಕಪಕ್ಕದಲ್ಲೇ ಬರೀರಿ.

ಈಗ ಬಾಗಿಲ ಆಟ. ನಾನು ಬೇರೆ ಎಲ್ಲಾ ಬಿಟ್ರೂ ಇದನ್ನ ಬಿಡಲ್ಲ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳ್ತೀನಿ.

ಕ್ಲಾಸಿನ ಹೊರಗಿನ ವರಾಂಡ ಊರು, ಒಳಗಡೆ ಕೆಲಸ. ಮಕ್ಕಳನ್ನ ಜೋಡಿ ಮಾಡಿ, ಜೋಡಿಲಿ ಒಬ್ಬರು ಊರಲ್ಲಿ, ಒಬ್ಬರು ದುಡಿಯೋಕೆ ಹೊರಡ್ತಾರೆ. ಎಲ್ಲರ ಕೈಗೂ ಶುರುಲಿ ಎರಡು ಬೀಜ ಕೊಡಿ. ನೀವು ಒಂದೊಂದು ಸಲ ಚಪ್ಪಾಳೆ ಹೊಡೆದಾಗ ಒಳಗಿರೋರಿಗೆ ಮೂರು ಬೀಜ ಕೂಲಿ. ಬಾಗಿಲು ದಾಟೋಕೆ ಒಂದು ಬೀಜ. ಒಂದು ಐದು ಸುತ್ತು ಆಡಿಸಿ, ಪ್ರತಿ ಸುತ್ತಲ್ಲೂ ಒಳಗೆ ಎಷ್ಟು ಜನ ಹೊರಗೆ ಎಷ್ಟು ಜನ ಅಂತ ಬೋರ್ಡಲ್ಲಿ ಬರೆಸ್ತಾ ಹೋಗಿ. ಮಕ್ಕಳು ಆರಾಮಾಗಿ ಹೋಗ್ತಾರೆ, ದುಡೀತಾರೆ, ವಾಪಸ್ ಬಂದು ಜೋಡಿಗೆ ಬೀಜ ಕೊಡ್ತಾರೆ, ಮತ್ತೆ ಹೋಗ್ತಾರೆ. ಆರನೇ ಸುತ್ತಿಗೆ ಒಬ್ಬ ಗಟ್ಟಿ ಹುಡುಗನ್ನ ಬಾಗಿಲಲ್ಲಿ ನಿಲ್ಲಿಸಿ, ಒಳಗೆ ಬರೋಕೆ ಆರು ಬೀಜ ಅನ್ನಿ, ಮೂರು ಜನ ಬಂದ್ರೆ ಒಬ್ಬರನ್ನ ವಾಪಸ್ ಕಳಿಸೋಕೆ ಹೇಳಿ. ಏನಾಗುತ್ತೆ ಅಂತ ಮೊದಲೇ ಹೇಳಬೇಡಿ. ಒಳಗಿರೋರು ಹೊರಗೆ ಹೋಗೋದನ್ನೇ ನಿಲ್ಲಿಸ್ತಾರೆ, ಹೋದ್ರೆ ಮತ್ತೆ ಬರೋಕಾಗಲ್ಲ ಅಂತ ಅವರಿಗೆ ತಾನಾಗೇ ಗೊತ್ತಾಗುತ್ತೆ. ಎಂಟನೇ ಸುತ್ತಿಗೆ, ಬೇಕಾದ್ರೆ ನಿಮ್ಮ ಜೋಡಿನ ಒಳಗೆ ಕರೆಸ್ಕೋಬಹುದು ಅನ್ನಿ. ಇದ್ದಬದ್ದ ಬೀಜ ಎಲ್ಲಾ ಸುರಿದು ಕರೆಸ್ಕೊಳ್ತಾರೆ! ಆಟ ಮುಗಿದಾಗ ಬೋರ್ಡ್ ನೋಡಿದ್ರೆ, ಬಾಗಿಲು ಬಿಗಿ ಮಾಡಿದ ಮೇಲೇನೇ ಒಳಗಿರೋರ ಸಂಖ್ಯೆ ಏರಿರುತ್ತೆ.

ನಿಜವಾಗಿ ಆಗಿದ್ದೂ ಇದೇ. 1964ಕ್ಕೆ ಬ್ರಸೇರೋ ನಿಂತೋಯ್ತು. 1965ರ ಕಾನೂನು ಪಶ್ಚಿಮ ಗೋಳಾರ್ಧದ ದೇಶಗಳಿಗೆ ಮೊದಲ ಸಲ ಮಿತಿ ಹಾಕ್ತು, 1976ರಲ್ಲಿ ಮೆಕ್ಸಿಕೋ ಸೇರಿ ಒಂದೊಂದು ದೇಶಕ್ಕೆ ವರ್ಷಕ್ಕೆ 20,000 ವೀಸಾ ಅಂತ ಆಯ್ತು. ಹೊಲ ಅದೇ, ಮಾಲೀಕ ಅವನೇ, ಹೋಗ್ತಿದ್ದ ದಾರಿನೂ ಅದೇ, ಅಲ್ಲಿ ಇರೋಕೆ ಸರ್ಕಾರದ ಕಾಗದ ಮಾತ್ರ ಇಲ್ಲ. ಹಂಗಾದ್ರೂ ಗಂಡಸರು ಬೆಳೆ ಟೈಮಿಗೆ ಹೋಗಿ ಚಳಿಗಾಲಕ್ಕೆ ಊರಿಗೆ ಬರ್ತಾನೇ ಇದ್ರು. 1986ರಲ್ಲಿ ಸುಮಾರು 27 ಲಕ್ಷ ಜನಕ್ಕೆ ಕಾಗದ ಮಾಡಿಕೊಟ್ರು, ಹೆಚ್ಚಿನವರು ಮೆಕ್ಸಿಕೋದವರು. 1993ರಲ್ಲಿ ಎಲ್ ಪಾಸೋದಲ್ಲಿ, 1994ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಪಹರೆ ಬಿಗಿ ಆಯ್ತು, ಜನ ಊರುಗಳ ದಾರಿ ಬಿಟ್ಟು ಅರಿಝೋನಾ ಮರುಭೂಮಿ ಹಿಡಿದ್ರು, ದಾಟಿಸೋ ಏಜೆಂಟಿಗೆ ಅಲ್ಲಿ ಕೊಯೋಟೆ ಅಂತಾರೆ, ಅವನ ರೇಟು ಏರ್ತಾ ಹೋಯ್ತು. ಅಷ್ಟು ದುಡ್ಡು ಕೊಟ್ಟು ಜೀವ ಒತ್ತೆ ಇಟ್ಟು ಹೋದೋನು ವರ್ಷ ವರ್ಷ ಊರಿಗೆ ಬರ್ತಾನಾ, ಹೆಂಡತಿ ಮಕ್ಕಳನ್ನೇ ಅಲ್ಲಿಗೆ ಕರೆಸ್ಕೊಂಡ. ಡಗ್ಲಸ್ ಮ್ಯಾಸಿ ಅಂತ ಸಮಾಜಶಾಸ್ತ್ರಜ್ಞರು 1982ರಿಂದ ಮೆಕ್ಸಿಕೋದ ಹಳ್ಳಿಹಳ್ಳಿ ಮನೆಮನೆ ಕೇಳಿ ಲೆಕ್ಕ ಕೂಡಿಸಿ ಹೇಳಿರೋದು ಇದನ್ನೇ. 1990ರಲ್ಲಿ ಅಮೆರಿಕದಲ್ಲಿದ್ದ ಮೆಕ್ಸಿಕೋದಲ್ಲಿ ಹುಟ್ಟಿದೋರು ಸುಮಾರು 43 ಲಕ್ಷ, 2007ರ ಹೊತ್ತಿಗೆ 1 ಕೋಟಿ 25 ಲಕ್ಷ ಮುಟ್ಟಿತ್ತು. ಇದೊಂದೇ ಕಾರಣ ಅಂತ ಹೇಳಬೇಡಿ, ಅಮೆರಿಕದಲ್ಲಿ ಕೆಲಸ ಬಹಳ ಇತ್ತು, ಮೆಕ್ಸಿಕೋದಲ್ಲಿ ಬೆಳೆಯ ರೇಟು ಕೈಕೊಟ್ಟಿತ್ತು, ಅದು ಮುಂದಿನದು.

ಕಾಫಿ ರೇಟು. ನಮ್ಮ ಮಕ್ಕಳ ಮನೆಗಳಲ್ಲಿ ದಿನಾ ಕೇಳೋ ಮಾತೇ ಇದು, ಅದಕ್ಕೆ ಮನೆಗೆಲಸ ಕೊಡಿ, ಅಜ್ಜ ಅಜ್ಜಿ ಹತ್ರ 2001, 2002ರಲ್ಲಿ ಕಾಫಿ ಏನಾಗಿತ್ತು ಅಂತ ಕೇಳ್ಕೊಂಡು ಬನ್ನಿ ಅಂತ. ಬರೋ ಉತ್ತರ ನೋಡಿ. ನಮ್ಮಪ್ಪ ರೇಟು ಬರಲಿ ಅಂತ ಎರಡು ವರ್ಷದ ಮೂಟೆ ಅಟ್ಟದ ಮೇಲೆ ಇಟ್ಕೊಂಡು ಕೂತಿದ್ರು, ಕೊನೆಗೆ ಬ್ಯಾಂಕ್ ಸಾಲದ ಬಡ್ಡಿ ಕಟ್ಟೋಕೆ ಸಿಕ್ಕಿದ ರೇಟಿಗೆ ಮಾರಿದ್ರು, ಆ ವರ್ಷ ನೆರಳಿನ ಮರದ ಕೊಂಬೆ ಸವರೋ ಮರಗಸಿನೂ ಮಾಡಿಸಲಿಲ್ಲ. ಕಾರಣ ಒಂದೇ ಕಡೆ ಇತ್ತು, 1989ರಲ್ಲಿ ಯಾವ ದೇಶ ಎಷ್ಟು ಕಾಫಿ ಹೊರಗೆ ಮಾರಬಹುದು ಅಂತ ಮಿತಿ ಹಾಕ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು, ಆಮೇಲೆ ವಿಯೆಟ್ನಾಂ ರೋಬಸ್ಟಾ ಮಾರ್ಕೆಟ್ಟಿಗೆ ಸುರೀತು, 1997ರಲ್ಲಿ ನ್ಯೂಯಾರ್ಕಲ್ಲಿ ಅರೇಬಿಕಾ ಪೌಂಡಿಗೆ 300 ಸೆಂಟ್ ದಾಟಿದ್ದು 2001ರ ಕೊನೆಗೆ 50 ಸೆಂಟಿಗಿಂತ ಕೆಳಗೆ ಬಿತ್ತು. ನಮಗೆ ಬೆಳೆದಿದ್ದನ್ನ ಕಾಫಿ ಬೋರ್ಡಿಗೇ ಕೊಡಬೇಕಿದ್ದ ಪೂಲ್ ಪದ್ಧತಿ ನಿಂತಿದ್ದೂ, ಅಲ್ಲಿ ಮೆಕ್ಸಿಕೋ ಸರ್ಕಾರ ತನ್ನ ಕಾಫಿ ಸಂಸ್ಥೆ ಮುಚ್ಚಿದ್ದೂ ಅದೇ 90ರ ದಶಕದಲ್ಲಿ.

2001ರ ಮೇ ತಿಂಗಳಲ್ಲಿ ಅರಿಝೋನಾ ಮರುಭೂಮಿ ದಾಟೋಕೆ ಹೊರಟ 26 ಜನರಲ್ಲಿ 14 ಜನ ಬಿಸಿಲಿಗೆ ನೀರಿಲ್ಲದೆ ಸತ್ತರು. ಹೆಚ್ಚಿನವರು ವೆರಾಕ್ರೂಜ್ ರಾಜ್ಯದವರು, ಕಾಫಿ ಸೀಮೆ ಜನ. ಅವರಿಗೆ ನೆರಳು, ಮಳೆ, ಮಂಜು ಗೊತ್ತು, ಮರುಭೂಮಿ ಗೊತ್ತಿಲ್ಲ. ಇದನ್ನ ಓದಿದಾಗ ನನಗೆ ನಮ್ಮಪ್ಪನ ಅಟ್ಟ ಕಣ್ಣ ಮುಂದೆ ಬಂತು. ಅದೇ ರೇಟು ನಮ್ಮನ್ನೂ ಹೊಡೀತು, ಆದ್ರೆ ನಮ್ಮೂರಿನ ಹುಡುಗರು ಹಾಸನದಲ್ಲಿ ಬಸ್ ಹತ್ತಿ ಬೆಂಗ್ಳೂರಿಗೆ ಹೋಗಿ ಇಳಿದ್ರು, ಯಾರೂ ಕಾಗದ ಕೇಳಲಿಲ್ಲ. ಈ ಭಾಗ ಹೇಳುವಾಗ ಸಾವಿನ ವಿವರಕ್ಕೆ ಹೋಗಬೇಡಿ, ಸಂಖ್ಯೆ ಮತ್ತು ಊರು ಹೇಳಿ ಸುಮ್ಮನಾಗಿ.

ಮುಸುಕಿನ ಜೋಳದ ವಿಷ್ಯ ಚಿಕ್ಕದಾಗಿ ಹೇಳಿ. 1994ರ ಜನವರಿ 1ಕ್ಕೆ ಅಮೆರಿಕ, ಕೆನಡಾ, ಮೆಕ್ಸಿಕೋ ಸೇರಿ ಮಾಡ್ಕೊಂಡ ನಾಫ್ಟಾ ಅನ್ನೋ ವ್ಯಾಪಾರ ಒಪ್ಪಂದ ಜಾರಿ ಆಯ್ತು, ಸಬ್ಸಿಡಿ ತಿಂದು ಬೆಳೆದ ಅಮೆರಿಕದ ಜೋಳ ಮೆಕ್ಸಿಕೋಗೆ ಅಗ್ಗಕ್ಕೆ ಬಂತು, ಒಂದೆರಡು ಎಕರೆ ಇಟ್ಕೊಂಡಿದ್ದ ರೈತ ತಡ್ಕೊಳೋಕಾಗಲಿಲ್ಲ. ಅದೇ ದಿನ ಚಿಯಾಪಾಸ್ ರಾಜ್ಯದಲ್ಲಿ ಮೂಲನಿವಾಸಿ ರೈತರ ಝಪಾಟಿಸ್ಟಾ ಬಂಡಾಯ ಎದ್ದಿತು, ಆ ವರ್ಷದ ಡಿಸೆಂಬರಲ್ಲಿ ಮೆಕ್ಸಿಕೋದ ನಾಣ್ಯ ಪೆಸೋ ಬೆಲೆ ಕುಸೀತು. ಸರಕಿಗೆ ಗಡಿ ತೆರೆದ ವರ್ಷವೇ ಜನಕ್ಕೆ ಗಡಿ ಬಿಗಿ ಆಗಿದ್ದು, ಬೋರ್ಡಲ್ಲಿ 1994 ಅನ್ನೋದಕ್ಕೆ ಎರಡು ಸಲ ಸುತ್ತು ಹಾಕಿ.

ಈಗ ನೆರೆ ದೇಶಗಳು, ಮ್ಯಾಪಿನ ಕೆಳಗಡೆ ಉಪಯೋಗಕ್ಕೆ ಬರೋದು ಇಲ್ಲಿ. ನಮ್ಮೂರವರು ಬೆಂಗ್ಳೂರಿಗೆ ಹೋದ್ರು, ಹಣ್ಣು ಬಿಡಿಸೋಕೆ ಮೊದಲು ಬಯಲುಸೀಮೆಯಿಂದ ಬರ್ತಿದ್ರು, ಈಗ ಅಸ್ಸಾಂ, ಜಾರ್ಖಂಡ್, ಒಡಿಶಾದಿಂದ ಬರ್ತಾರೆ. ಹಂಗೇ ಮೆಕ್ಸಿಕೋದ ದಕ್ಷಿಣ ತುದಿ ಚಿಯಾಪಾಸಿನ ಸೊಕೊನುಸ್ಕೋ ಅನ್ನೋ ಕಾಫಿ ಸೀಮೆಗೆ ಹಣ್ಣು ಕೊಯ್ಯೋಕೆ ಗ್ವಾಟೆಮಾಲಾದಿಂದ ಜನ ಬರೋದು ನೂರು ವರ್ಷಕ್ಕೂ ಹಳೇದು. ಹೊರಗೆ ಕಳಿಸೋ ದೇಶವೇ ಒಳಗೆ ಕರೆಸ್ಕೊಳೋ ದೇಶ ಕೂಡ, ಅದಕ್ಕೆ ಮೂರು ಬಣ್ಣದ ಚಾಕ್‌ಪೀಸು ಹೇಳಿದ್ದು, ಜನ ಬಂದ ದಾರಿಗೆ ಒಂದು, ದುಡ್ಡು ವಾಪಸ್ ಹೋದ ದಾರಿಗೆ ಒಂದು, ಸರಕಿಗೆ ಒಂದು.

2012ರಿಂದ ಮಧ್ಯ ಅಮೆರಿಕದ ಕಾಫಿಗೆ ಎಲೆ ತುಕ್ಕು ರೋಗ ಜೋರಾಗಿ ಬಂತು, ನಾವು ಬೋರ್ಡೋ ಹೊಡೆಯೋದು ಯಾವ ರೋಗಕ್ಕೋ ಅದೇ ರೋಗ, ಅಲ್ಲಿ ರೋಯಾ ಅಂತಾರೆ. ಗ್ವಾಟೆಮಾಲಾ, ಹೊಂಡುರಾಸಲ್ಲಿ ತೋಟದ ಕೂಲಿ ಹೋಯ್ತು, ಮೊದಲೇ ಅಲ್ಲಿ ಗ್ಯಾಂಗುಗಳ ಕಾಟ. ಆ ಗ್ಯಾಂಗುಗಳ ಕಥೆನೂ ಕೇಳಿ, ಎಂಎಸ್-13 ಅನ್ನೋದು ಹುಟ್ಟಿದ್ದು ಲಾಸ್ ಏಂಜಲೀಸಲ್ಲಿ, ಎಲ್ ಸಾಲ್ವಡಾರಿನ ಅಂತರ್ಯುದ್ಧದಿಂದ ಓಡಿಹೋದೋರ ಮಕ್ಕಳ ನಡುವೆ, ಅವರನ್ನ ವಾಪಸ್ ಅಟ್ಟಿದಾಗ ಅದೂ ಊರಿಗೆ ಬಂತು. ಜನ ಲಾ ಬೆಸ್ತಿಯಾ ಅಂದ್ರೆ ಮೃಗ ಅಂತ ಕರೆಯೋ ಗೂಡ್ಸ್ ರೈಲಿನ ತಲೆ ಮೇಲೆ ಕೂತು ಮೆಕ್ಸಿಕೋ ಉದ್ದಕ್ಕೂ ಉತ್ತರಕ್ಕೆ ಹೊರಟ್ರು. ಅಮೆರಿಕ ಒತ್ತಡ ಹಾಕ್ತು, ಮೆಕ್ಸಿಕೋ 2014ರಲ್ಲಿ ತನ್ನ ದಕ್ಷಿಣ ಗಡಿ ಬಿಗಿ ಮಾಡ್ತು, 2019ರಲ್ಲಿ ಟ್ರಂಪ್ ಸುಂಕ ಹಾಕ್ತೀನಿ ಅಂದಾಗ ನ್ಯಾಷನಲ್ ಗಾರ್ಡ್ ಪಡೆನೇ ಗ್ವಾಟೆಮಾಲಾ ಕಡೆ ಕಳಿಸ್ತು. ತಾನು ನೂರು ವರ್ಷ ಅನುಭವಿಸಿದ್ದನ್ನೇ ಮೆಕ್ಸಿಕೋ ತನ್ನ ಕೆಳಗಿನ ಮನೆಯೋರಿಗೆ ಮಾಡ್ತು, ಇದನ್ನ ಮಕ್ಕಳ ಮುಂದೆ ಮುಚ್ಚಿಡಬಾರದು.

ಅದೇ ಮೆಕ್ಸಿಕೋದಲ್ಲಿ ಲಾಸ್ ಪಾತ್ರೋನಾಸ್ ಅನ್ನೋ ಹೆಂಗಸರೂ ಇದ್ದಾರೆ. ವೆರಾಕ್ರೂಜಿನ ಲಾ ಪಾತ್ರೋನಾ ಅನ್ನೋ ಹಳ್ಳಿ, 1995ರಿಂದ ದಿನಾ ಅನ್ನ, ಬೇಯಿಸಿದ ಕಾಳು, ರೊಟ್ಟಿ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ, ಓಡ್ತಿರೋ ರೈಲಿನ ಪಕ್ಕ ನಿಂತು ಮೇಲಿರೋರ ಕೈಗೆ ಎಸೀತಾರೆ. ನೀರಿನ ಬಾಟಲಿ ಎರಡೆರಡು ಸೇರಿಸಿ ದಾರ ಕಟ್ಟಿರ್ತಾರೆ, ಚಾಚಿದ ಕೈಗೆ ಸಿಕ್ಕಿಹಾಕ್ಕೊಳ್ಳಲಿ ಅಂತ. ನಮ್ಮ ಕ್ಲಾಸಲ್ಲಿ ಇದನ್ನ ಕೇಳಿ ಹುಡುಗಿಯರು ಎರಡು ಖಾಲಿ ಬಾಟಲಿಗೆ ದಾರ ಕಟ್ಟಿ ನೋಡಿದ್ರು, ದಾರ ಗೇಣುದ್ದ ಇದ್ರೆ ತೋಳಲ್ಲಿ ನಿಲ್ಲುತ್ತೆ ಅಂತ ಕಂಡುಹಿಡಿದ್ರು.

ಕೆನಡಾ ಬಗ್ಗೆ ಎರಡು ಮಾತು ಸಾಕು. 1974ರಿಂದ ಮೆಕ್ಸಿಕೋದೋರು ಅಲ್ಲಿ ಹಂಗಾಮಿ ಕೃಷಿ ಕೆಲಸಕ್ಕೆ ಕಾಗದ ಸಮೇತ ಹೋಗ್ತಾರೆ, ಹೆಚ್ಚಂದ್ರೆ ವರ್ಷಕ್ಕೆ ಎಂಟು ತಿಂಗಳು, ಆಮೇಲೆ ವಾಪಸ್ ಬರಲೇಬೇಕು. ಆಶ್ರಯ ಕೇಳೋರು ಜಾಸ್ತಿ ಆದ್ರು ಅಂತ 2009ರಲ್ಲಿ ಮೆಕ್ಸಿಕನ್ನರಿಗೆ ವೀಸಾ ಹಾಕಿದ್ರು, 2016ರಲ್ಲಿ ತೆಗೆದ್ರು, 2024ರಲ್ಲಿ ಮತ್ತೆ ಹಾಕಿದ್ರು.

ದುಡ್ಡಿನ ಗೆರೆ ಎಳೆಯೋಕೆ ಸಾಯಂಕಾಲ ಲೈನ್ ಮನೆ ಕಡೆ ಹೋಗಿ. ಮೊದಲು ಎಸ್ಟೇಟ್ ರೈಟರ್ ಹತ್ರ ಪರ್ಮಿಷನ್ ಕೇಳಿ, ಅದಕ್ಕಿಂತ ಮೊದಲು ಆ ಮನೆಯೋರನ್ನ ಕೇಳಿ. ನಾಲ್ಕೈದು ಮಕ್ಕಳು ಸಾಕು. ಕೆಲಸದಿಂದ ಬಂದು ಕೈಕಾಲು ತೊಳೆದು ಟೀ ಕುಡಿದಾದ ಮೇಲೆ ಹೋಗಿ. ಆಧಾರ್ ಕಾರ್ಡ್ ಕೇಳಬಾರದು, ಯಾವ ಜಾತಿ ಯಾವ ಧರ್ಮ ಕೇಳಬಾರದು, ಬಾಂಗ್ಲಾದೋರಾ ಅಂತ ಯಾವ ಮಗೂನೂ ಬಾಯಿಬಿಡಬಾರದು, ಫೋಟೋ ಬೇಡ. ಕೇಳೋದು ಮೂರೇ, ಊರಲ್ಲಿ ಯಾರಿದಾರೆ, ದುಡ್ಡು ಹೆಂಗೆ ಕಳಿಸ್ತೀರ, ಊರಿಗೆ ಯಾವಾಗ ಹೋಗ್ತೀರ. ನಮ್ಮ ಜೊತೆ ಮಾತಾಡಿದ ಅಕ್ಕ ಒಬ್ಬರು ಸಂತೆ ದಿನ ಮೊಬೈಲ್ ಅಂಗಡಿಲಿ ಕಮಿಷನ್ ಕೊಟ್ಟು ಹಾಕಿಸ್ತೀನಿ ಅಂದ್ರು, ಒಡೆದ ಸ್ಕ್ರೀನಿನ ಫೋನಲ್ಲಿ ಊರಲ್ಲಿ ಕಟ್ತಿರೋ ಮನೆ ತೋರಿಸಿದ್ರು, ಗೋಡೆ ಎದ್ದಿದೆ, ತಗಡು ಹಾಕಿಲ್ಲ. ಮಾಸ್ಟರ್, ಮುಂದಿನ ಕೊಯ್ಲಿಗೆ ತಗಡು ಅಂದ್ರು.

ಕ್ಲಾಸಿಗೆ ವಾಪಸ್ ಬಂದು ಇದರ ಪಕ್ಕ ಝಕಾತೆಕಾಸ್, ಮಿಚೋಕಾನ್ ರಾಜ್ಯಗಳನ್ನ ತೋರಿಸಿ, ಹಳ್ಳಿಗಳಲ್ಲಿ ಅಮೆರಿಕದ ದುಡ್ಡಲ್ಲಿ ಕಟ್ಟಿ ಬೀಗ ಹಾಕಿರೋ ಮನೆಗಳಿವೆ. 2023ರಲ್ಲಿ ಮೆಕ್ಸಿಕೋಗೆ ಹಿಂಗೆ ಬಂದ ದುಡ್ಡು 6,000 ಕೋಟಿ ಡಾಲರಿಗೂ ಹೆಚ್ಚು. ವಲಸೆ ಹೋದೋರು ಒಂದು ಡಾಲರ್ ಹಾಕಿದ್ರೆ ಸರ್ಕಾರದ ಮೂರು ಹಂತದಿಂದ ಒಂದೊಂದು ಡಾಲರ್ ಸೇರಿಸಿ ಊರಿಗೆ ರಸ್ತೆ, ನೀರು ಮಾಡೋ ಒಂದಕ್ಕೆ ಮೂರು ಅನ್ನೋ ಯೋಜನೆ ಝಕಾತೆಕಾಸಲ್ಲಿ ಬೆಳೆದು 2002ರಲ್ಲಿ ದೇಶಕ್ಕೆಲ್ಲಾ ಬಂದಿತ್ತು.

ಪಾಠ ಮಾಡೋಕೆ ಮುಂಚೆ ನಿಮ್ಮ ಹಳೇ ನೋಟ್ಸು ತಿದ್ದಿಕೊಳ್ಳಿ. 2007ರಿಂದ ಈಚೆಗೆ ಅಮೆರಿಕದಲ್ಲಿರೋ ಮೆಕ್ಸಿಕೋದಲ್ಲಿ ಹುಟ್ಟಿದೋರ ಸಂಖ್ಯೆ ಇಳಿದಿದೆ, 2009ರಿಂದ 2014ರ ಮಧ್ಯೆ ಹೋದೋರಿಗಿಂತ ವಾಪಸ್ ಬಂದೋರೇ ಜಾಸ್ತಿ. 2008ರ ಆರ್ಥಿಕ ಹೊಡೆತ ಒಂದು ಕಾರಣ, ಇನ್ನೊಂದು, 1970ರ ಹೊತ್ತಿಗೆ ಒಬ್ಬ ತಾಯಿಗೆ ಹತ್ತತ್ರ ಏಳು ಮಕ್ಕಳಿದ್ದ ಮೆಕ್ಸಿಕೋದಲ್ಲಿ ಈಗ ಎರಡಕ್ಕಿಂತ ಕಮ್ಮಿ, ಕಳಿಸೋಕೆ ಹುಡುಗರೇ ಕಮ್ಮಿ. ಗಡಿಯಲ್ಲಿ ಹಿಡಿದೋರೆಲ್ಲ ಮೆಕ್ಸಿಕನ್ನರು ಅಂತ ಹೇಳಿದ್ರೆ ತಪ್ಪಾಗುತ್ತೆ. ಅಮೆರಿಕದಲ್ಲಿ ಮೆಕ್ಸಿಕೋ ಮೂಲದೋರು 2021ರಲ್ಲಿ ಸುಮಾರು 3 ಕೋಟಿ 70 ಲಕ್ಷ ಇದ್ರು, ಅವರಲ್ಲಿ ಬಹುಪಾಲು ಅಲ್ಲೇ ಹುಟ್ಟಿದೋರು.

ಪದದ ವಿಷ್ಯದಲ್ಲಿ ನಾನು ಹಠ ಮಾಡ್ತೀನಿ. ಪೇಪರಲ್ಲಿ ನುಸುಳುಕೋರರು ಅಂತ ಬರುತ್ತೆ, ಕ್ಲಾಸಲ್ಲಿ ನಾನು ಆ ಪದ ಬಳಸಲ್ಲ, ಕಾಗದ ಇಲ್ಲದೋರು ಅಂತೀನಿ. ಅದು ಸತ್ಯಕ್ಕೂ ಹತ್ರ, ಯಾಕಂದ್ರೆ ಎಷ್ಟೋ ಜನ ವೀಸಾ ತಗೊಂಡೇ ಹೋಗಿ ಅವಧಿ ಮುಗಿದ ಮೇಲೆ ಉಳ್ಕೊಂಡಿರೋರು, ಅವರು ಎಲ್ಲೂ ನುಸುಳಿಲ್ಲ.

ಎರಡು ಪೀರಿಯಡ್ ಸಿಗಲ್ಲ ಅನ್ನೋರು ಬಾಗಿಲ ಆಟ ಒಂದು ಮಾಡಿ, ಕೊನೇ ಹತ್ತು ನಿಮಿಷದಲ್ಲಿ 1942, 1964, 1994, 2007 ಈ ನಾಲ್ಕು ವರ್ಷ ಹೇಳಿ. ಬೀಜ ಎಣಿಸಿ ಕೊಡಿ, ಎಣಿಸಿ ವಾಪಸ್ ತಗೊಳ್ಳಿ, ಇಲ್ಲಾಂದ್ರೆ ಆಟದ ಲೆಕ್ಕ ಬೋರ್ಡಿನ ಲೆಕ್ಕಕ್ಕೆ ಹೊಂದಲ್ಲ. ಬಾಗಿಲಲ್ಲಿ ನಿಲ್ಲಿಸೋ ಹುಡುಗನ್ನ ಮಾತ್ರ ಪ್ರತಿ ಎರಡು ಸುತ್ತಿಗೆ ಬದಲಾಯಿಸಿ.